ಬಾನೆಟ್ ಸೊಟ್ಟಗಾದರೆ ಬಾನೆಟ್‌ಗೆ ಬಡಿಯಬೇಡಿ

2025ರ ಜನವರಿ. ಅವರೆಕಾಯಿ ಕಾಲ. ಬೆಳಗಿನ ಜಾವ ನಾಲ್ಕೂವರೆಗೆ ಹೊಸಕೋಟೆ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಬೆಂಗಳೂರಿನ ಕಡೆ ಬರುತ್ತಿದ್ದೆ. ಹಿಂದೆ ಹದಿನೆಂಟು ಮೂಟೆ ಅವರೆಕಾಯಿ, ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ. ಭಟ್ಟರಹಳ್ಳಿ ದಾಟಿ ಕೆ.ಆರ್. ಪುರದ ತೂಗುಸೇತುವೆ ಇಳಿಯುತ್ತಿದ್ದೆವು. ಬಲಗಡೆಯಿಂದ ಒಂದು ದೊಡ್ಡ ಲಾರಿ ಭರ್ರನೆ ಹೋಯಿತು. ಅದರ ಗಾಳಿಗೆ ನನ್ನ ಪಿಕಪ್‌ನ ಬಾನೆಟ್ ಟಪ್ ಅಂತ ಮೇಲಕ್ಕೆದ್ದಿತು. ಮುಂದೆ ರಸ್ತೆ ಇಲ್ಲ, ಬರೀ ತಗಡು.

ಪೂರ್ತಿ ಏಳಲಿಲ್ಲ. ನಾನು ಕಟ್ಟಿದ್ದ ನೈಲಾನ್ ಹಗ್ಗ ಅದನ್ನು ಒಂದು ಗೇಣಿಗೆ ಹಿಡಿದು ನಿಲ್ಲಿಸಿತು. ಹೆಂಡತಿ ಕಿರುಚಿದಳು. ನಾನು ಬಗ್ಗಿ ನೋಡಿದರೆ ಬಾನೆಟ್‌ನ ಹಿಂಭಾಗಕ್ಕೂ ಗಾಜಿಗೂ ನಡುವೆ ಎರಡು ಬೆರಳಿನ ಸಂದಿ ಕಾಣಿಸಿತು. ಅದರಲ್ಲೇ ರಸ್ತೆ ನೋಡಿಕೊಂಡು, ಬ್ರೇಕನ್ನು ಒಮ್ಮೆಲೇ ಒತ್ತದೆ, ಎಡಕ್ಕೆ ನಿಧಾನ ತಂದು ನಿಲ್ಲಿಸಿದೆ. ಹಿಂದೆ ಬರುತ್ತಿದ್ದವನು ಹಾರನ್ ಹೊಡೆದು ಬೈದುಕೊಂಡು ಹೋದ. ಬೈದದ್ದು ಸರಿಯೇ. ಗಾಬರಿಯಲ್ಲಿ ನಾನು ಬ್ರೇಕ್ ಅದುಮಿದ್ದರೆ ಅವನು ನಮ್ಮ ಮೂಟೆಗಳ ಮೇಲೆ ಬಂದಿರುತ್ತಿದ್ದ.

ಇದನ್ನು ಪತ್ರಿಕೆಗೆ ಬರೆಯಲು ಕಾರಣ ಭಯ ಅಲ್ಲ, ನಾಚಿಕೆ. ಆ ಹಗ್ಗ ಕಟ್ಟಿ ಒಂದೂವರೆ ವರ್ಷ ಆಗಿತ್ತು. ಸಂತೆಗೆ ಬರುವ ಹಳೇ ಗಾಡಿಗಳನ್ನು ನೋಡಿ. ಎಷ್ಟಕ್ಕೆ ಬಾನೆಟ್ ಮೇಲೆ ಹಗ್ಗ, ಎಷ್ಟಕ್ಕೆ ಸೈಕಲ್ ಟ್ಯೂಬು, ಎಷ್ಟಕ್ಕೆ ಬಾಗಿಲಿಗೆ ಹಾಕುವ ಚಿಲಕ ಬಡಿದಿದ್ದಾರೆ. "ಇಂಜಿನ್ ಚೆನ್ನಾಗಿದೆಯಲ್ಲ, ಬಾನೆಟ್‌ದು ಏನು ಬಿಡಿ" ಅನ್ನುತ್ತೇವೆ. ನಾನೂ ಹಾಗೇ ಅನ್ನುತ್ತಿದ್ದೆ.

ನನ್ನದು 2007ರ ಮಾಡೆಲ್. ಎರಡನೇ ಕೈಯಲ್ಲಿ ತಗೊಂಡದ್ದು, ಕೆ.ಎ. 03 ನಂಬರು. ಮೊದಲು ಆದದ್ದು ಇಷ್ಟು. ಎಡಗಡೆ ಬಾನೆಟ್‌ಗೂ ಮಡ್‌ಗಾರ್ಡ್‌ಗೂ ನಡುವಿನ ಸಂದಿ ಸಣ್ಣದಾಗುತ್ತಾ ಬಂತು. ಕೊನೆಗೆ ತಗಡಿಗೆ ತಗಡು ತಾಗಿ ಬಣ್ಣ ಎದ್ದಿತು. ಬಲಗಡೆ ಸಂದಿ ಅಗಲವಾಗಿ ಬೆರಳು ಹೋಗುವಷ್ಟಾಯಿತು. ಬಲಗಡೆ ಮುಂದಿನ ಮೂಲೆ ಮೇಲೆದ್ದು ನಿಂತಿತು, ಒಣಗಿದ ರೊಟ್ಟಿಯ ಅಂಚಿನ ಹಾಗೆ. ಎರಡು ಸಲ ಬಡಿದರೆ ಲಾಕ್ ಬೀಳುತ್ತಿತ್ತು, ಆಮೇಲೆ ನಾಲ್ಕು ಸಲ, ಆಮೇಲೆ ಬೀಳಲೇ ಇಲ್ಲ.

ಒಬ್ಬ ಮೆಕ್ಯಾನಿಕ್ ಎದ್ದ ಮೂಲೆಯ ಮೇಲೆ ಗೋಣಿಚೀಲ ಹಾಕಿ ರಬ್ಬರ್ ಸುತ್ತಿಗೆಯಲ್ಲಿ ಬಡಿದ. ಒಂದು ವಾರ ಸರಿ ಇತ್ತು. ಇನ್ನೊಬ್ಬ ಹಿಂಜಿನ ಬೋಲ್ಟು ಬಿಚ್ಚಿ, ತೂತನ್ನು ಅರದಲ್ಲಿ ಉಜ್ಜಿ ದೊಡ್ಡದು ಮಾಡಿ, ಬಾನೆಟ್ಟನ್ನೇ ಬಲಕ್ಕೆ ಎಳೆದು ಕೂರಿಸಿದ. ಮೂರು ತಿಂಗಳು ಕಳೆಯಿತು. ಮೂರನೇ ಶೆಡ್ಡಿನಲ್ಲಿ ನೋಡಿದವರು ಬಾನೆಟ್ ತಿರುಚಿಕೊಂಡಿದೆ, ಹೊಸದೇ ಹಾಕಬೇಕು, ಬಣ್ಣ ಸೇರಿ ಹದಿನಾಲ್ಕು ಸಾವಿರ ಅಂದರು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ರಾಗಿ ಮನೆಗೆ ಸಾಕಾಗುವಷ್ಟೇ. ಹದಿನಾಲ್ಕು ಸಾವಿರ ಎಲ್ಲಿಂದ ತರೋದು? ಮನೆಗೆ ಬಂದು ಹಗ್ಗ ಕಟ್ಟಿದೆ.

ತೂಗುಸೇತುವೆಯ ಆ ಬೆಳಗಿನ ಮೇಲೆ ಹಗ್ಗ ಸಾಲದು ಅಂತ ತಿಳಿಯಿತು. ಹಗ್ಗವನ್ನು ಇನ್ನೆರಡು ಸುತ್ತು ಬಿಗಿದು, ಟಿನ್ ಫ್ಯಾಕ್ಟರಿ, ಹಲಸೂರು ದಾರಿಯಲ್ಲಿ ನಿಧಾನ ಹೋಗಿ ರಸೆಲ್ ಮಾರ್ಕೆಟ್ಟಿನಲ್ಲಿ ಕಾಯಿ ಇಳಿಸಿದೆ. ಹೆಂಡತಿಯನ್ನು ಬಸ್ಸಿಗೆ ಹತ್ತಿಸಿದೆ. ಅವಳೂ ಆ ಗಾಡಿಯಲ್ಲಿ ಕೂರಲು ಒಪ್ಪಲಿಲ್ಲ. ಗುಜರಿ ಅಂಗಡಿಗಳು ತೆಗೆಯುವವರೆಗೆ ಟೀ ಕುಡಿದುಕೊಂಡು ಕೂತೆ.

ಶಿವಾಜಿನಗರದ ಗುಜರಿ ನೋಡದವರಿಗೆ ಎರಡು ಮಾತು. ಹಳೇ ಗಾಡಿ ಬಿಚ್ಚಿ ಸಾಮಾನು ಮಾರುವ ಜಾಗ ಅದು. ಒಂದು ಅಂಗಡಿಯಲ್ಲಿ ಬರೀ ಬಾಗಿಲು, ಒಂದರಲ್ಲಿ ಬರೀ ಹೆಡ್‌ಲೈಟು, ಇನ್ನೊಂದರಲ್ಲಿ ಗೇರ್‌ಬಾಕ್ಸು ಹಲಸಿನ ಹಣ್ಣಿನ ಹಾಗೆ ರಾಶಿ ಬಿದ್ದಿರುತ್ತವೆ. ಕಂಪನಿ ಮಾಡುವುದನ್ನೇ ನಿಲ್ಲಿಸಿದ ಗಾಡಿಯ ಸಾಮಾನು ಹುಡುಕುವವನಿಗೆ ಅದೇ ದಾರಿ. ಮೋಸವೂ ಉಂಟು, ಇಲ್ಲ ಅನ್ನುವುದಿಲ್ಲ. ನಮ್ಮ ಮಂಡಿಗಳಲ್ಲಿ ಇಲ್ಲವೇ?

ನಾನು ಹೋದದ್ದು ಹಳೇ ಬಾನೆಟ್ ಕೊಳ್ಳಲು. ಒಂದು ಅಂಗಡಿಯಲ್ಲಿ ಸಿಕ್ಕಿತು, ಬಣ್ಣ ಬೇರೆ, ಮೂರೂವರೆ ಸಾವಿರ ಹೇಳಿದರು. ಚೌಕಾಸಿ ನಡೆದಿತ್ತು. ಪಕ್ಕದಲ್ಲಿ ಒಬ್ಬರು ವಯಸ್ಸಾದ ಟಿಂಕರಿಂಗ್ ಮೇಸ್ತ್ರಿ ಮೋಟು ಬೀಡಿ ಸೇದುತ್ತಾ ಕೂತಿದ್ದರು. ಎದ್ದು ಬಂದು ನನ್ನ ಗಾಡಿಯನ್ನು ಒಂದು ಸುತ್ತು ಹಾಕಿದರು. ಮುಂದೆ ಹತ್ತು ಹೆಜ್ಜೆ ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು.

"ಗೌಡ್ರೇ, ಬಾನೆಟ್ ತಗೊಂಡು ಏನ್ ಮಾಡ್ತೀರಾ? ಇದನ್ನು ಹಾಕಿದ್ರೂ ಹಂಗೇ ಕೂರ್ತದೆ."

"ಯಾಕೆ ಮೇಸ್ತ್ರಿ?"

"ನಿಮ್ಮ ಗಾಡಿ ಮೂಲೆಮಟ್ಟ ತಪ್ಪಿದೆ. ಮನೆ ಸೊಟ್ಟಗಿದ್ರೆ ಹೊಸ ಬಾಗಿಲು ಹಾಕಿ ಏನ್ ಪ್ರಯೋಜನ?"

ಅವರು ಬಾನೆಟ್ ಎತ್ತಿಸಿದರು. ಜೇಬಿನಿಂದ ಒಂದು ದಾರ ತೆಗೆದರು. ಇಂಜಿನ್ ಮೇಲಿನ ಬಾಯಿಗೆ ನಾಲ್ಕು ಮೂಲೆ ಇದೆಯಲ್ಲ, ಹಿಂದಿನ ಎಡ ಹಿಂಜಿನ ಬೋಲ್ಟಿನಿಂದ ಮುಂದಿನ ಬಲ ಮೂಲೆಯ ಬೋಲ್ಟಿಗೆ ದಾರ ಹಿಡಿದು ಗಂಟು ಹಾಕಿದರು. ಅದೇ ದಾರವನ್ನು ಹಿಂದಿನ ಬಲದಿಂದ ಮುಂದಿನ ಎಡಕ್ಕೆ ಹಿಡಿದರು. ಒಂದು ಬೆರಳು ವ್ಯತ್ಯಾಸ ಬಂತು.

ನನಗೆ ಅಲ್ಲೇ ಮುಖ ಕೆಂಪಾಯಿತು. ಇದು ನನಗೆ ಗೊತ್ತಿರದ ವಿದ್ಯೆ ಅಲ್ಲ. ಮನೆಗೆ ಪಾಯ ಹಾಕುವಾಗ ನಾವೆಲ್ಲ ಮೂಲೆಯಿಂದ ಮೂಲೆಗೆ ದಾರ ಹಿಡಿದವರೇ. ಎರಡು ದಾರ ಸಮ ಬಂದರೆ ಪಾಯ ಸರಿ, ಇಲ್ಲದಿದ್ದರೆ ಗೂಟ ಕಿತ್ತು ಮತ್ತೆ ಹೊಡಿ. ಕೂರಿಗೆ ಒಂದು ಕಡೆ ಎಳೆದರೆ ತಾಳಿಗೆ ಸುತ್ತಿಗೆ ಹಾಕುತ್ತೇವೆಯೇ? ಮೊದಲು ನೊಗ ನೋಡುತ್ತೇವೆ, ಹಗ್ಗ ನೋಡುತ್ತೇವೆ, ಎತ್ತು ಕುಂಟುತ್ತಿದೆಯೇ ನೋಡುತ್ತೇವೆ. ಗಾಡಿ ಅಂದ ಕೂಡಲೇ ಮಾತ್ರ ನಮ್ಮ ಬುದ್ಧಿಯನ್ನು ಮನೆಯಲ್ಲಿಟ್ಟು ಬರುತ್ತೇವೆ. ಮೆಕ್ಯಾನಿಕ್ ಹೇಳಿದ್ದೇ ವೇದ.

ಮೇಸ್ತ್ರಿ ಗಾಡಿ ಕೆಳಗೆ ಹೋಗಿ ಕರೆದರು. ನಾನೂ ಮಲಗಿ ನೋಡಿದೆ. ಪಿಕಪ್‌ನಲ್ಲಿ ಕ್ಯಾಬಿನ್ನು ಚಾಸಿಯ ಮೇಲೆ ನೇರ ಕೂತಿರುವುದಿಲ್ಲ, ನಡುವೆ ದಪ್ಪ ರಬ್ಬರ್ ಇರುತ್ತೆ, ಅದರ ಮಧ್ಯೆ ಉದ್ದ ಬೋಲ್ಟು. ಎಡಗಡೆ ಮುಂದಿನ ರಬ್ಬರ್ ಪೂರಾ ಸತ್ತುಹೋಗಿತ್ತು. ಬೆರಳಲ್ಲಿ ಕೆದಕಿದರೆ ಹಿಂಡಿಯ ಹಾಗೆ ಉದುರಿತು. ಅಲ್ಲಿ ಕ್ಯಾಬಿನ್ನು ಎಡಕ್ಕೆ ಕುಸಿದು ಕೂತಿದೆ. ಬಾನೆಟ್‌ನ ಹಿಂಜು ಇರುವುದು ಕ್ಯಾಬಿನ್ನಿನಲ್ಲಿ. ಲಾಕ್ ಇರುವುದು ಮುಂದೆ, ರೇಡಿಯೇಟರ್ ಹಿಡಿದ ಪಟ್ಟಿಯಲ್ಲಿ, ಅದಕ್ಕೆ ಬೇರೆ ಆಧಾರ. ಕ್ಯಾಬಿನ್ನು ಎಡಕ್ಕೆ ವಾಲಿದರೆ ಬಾನೆಟ್ಟೂ ಅದರ ಜೊತೆ ಎಡಕ್ಕೆ ಹೋಗುತ್ತೆ, ಬಲ ಮೂಲೆ ಮೇಲೇಳುತ್ತೆ, ಲಾಕಿನ ಕೊಕ್ಕೆ ಬಾಯಿಗೆ ಸರಿಯಾಗಿ ಬೀಳೋದಿಲ್ಲ. ಒಂದೂವರೆ ವರ್ಷದ ಕಾಯಿಲೆ ಇಷ್ಟೇ.

ರಬ್ಬರ್ ಯಾಕೆ ಸತ್ತಿತು? ವಯಸ್ಸು ಒಂದು. ಅದರ ಪಕ್ಕದಲ್ಲೇ ಇಂಜಿನ್ನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಎಣ್ಣೆ ರಬ್ಬರನ್ನು ತಿನ್ನುತ್ತೆ. ಆ ಸೋರಿಕೆಯನ್ನು ನಾನು ನೋಡಿದ್ದೆ, "ಸ್ವಲ್ಪ ತಾನೇ" ಅಂತ ಬಿಟ್ಟಿದ್ದೆ. ನಮ್ಮೂರ ರಸ್ತೆಯಲ್ಲಿ ಚರಂಡಿ ಕಡೆ ಹಳ್ಳ ಜಾಸ್ತಿ, ಗಾಡಿ ಸದಾ ಎಡಕ್ಕೇ ಬೀಳೋದು. ಮೇಲೆ ನಮ್ಮ ಓವರ್‌ಲೋಡು. ಇದನ್ನೆಲ್ಲ ಬಾನೆಟ್ ಮೇಲೆ ಹೊರಿಸಿ ಅದಕ್ಕೆ ಬಡಿದೆವು.

ಕೆಲಸ ಹೇಗೆ ನಡೆಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಇದರಲ್ಲಿ ಕ್ರಮವೇ ಮುಖ್ಯ, ನನ್ನ ಮೊದಲಿನ ಮೂವರೂ ತಪ್ಪಿದ್ದು ಅಲ್ಲೇ.

ಮೊದಲು ರಬ್ಬರ್. ಅಂಥದ್ದೇ ಹೊಸದು ಒಂದು ಅಂಗಡಿಯಲ್ಲಿ ಸಿಕ್ಕಿತು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕ್ಯಾಬಿನ್ನಿನ ಎಲ್ಲ ಬೋಲ್ಟುಗಳನ್ನೂ ಸ್ವಲ್ಪ ಸಡಿಲ ಮಾಡಿದರು. ಎಡ ಮುಂದಿನ ಬೋಲ್ಟನ್ನು ಮಾತ್ರ ಪೂರ್ತಿ ಬಿಚ್ಚಿದರು. ಆಮೇಲೆ ಕ್ಯಾಬಿನ್ನಿನ ಅಡಿಗೆ ಅಗಲವಾದ ಮರದ ತುಂಡು ಇಟ್ಟು ಅದರ ಮೇಲೆ ಜಾಕ್ ಏರಿಸಿದರು. ಬರೀ ಜಾಕ್ ಇಟ್ಟರೆ ತಗಡು ಒಳಗೆ ಹೋಗುತ್ತೆ. ಏರಿಸುವಾಗ ಸ್ಟೀರಿಂಗ್ ರಾಡು, ಗೇರ್ ಲಿವರ್, ರೇಡಿಯೇಟರ್ ಪೈಪು ಎಲ್ಲಾದರೂ ಎಳೆಯುತ್ತಿದೆಯೇ ಅಂತ ಒಬ್ಬ ಹುಡುಗ ನೋಡುತ್ತಲೇ ಇದ್ದ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ, ಪಕ್ಕದಲ್ಲಿ ಮರದ ದಿಮ್ಮಿ ಕೊಡಿ. ರಬ್ಬರ್ ಕೂರಿಸಿ, ಬೋಲ್ಟು ಬಿಗಿದು, ಮತ್ತೆ ದಾರ ಹಿಡಿದರು. ಎರಡೂ ಕಡೆ ಹೆಚ್ಚುಕಡಿಮೆ ಸಮ. ಒಂದು ಭತ್ತದ ಕಾಳಿನಷ್ಟು ವ್ಯತ್ಯಾಸ. "ಹಳೇ ಗಾಡಿಗೆ ಇಷ್ಟು ಮಾಫಿ" ಅಂದರು ಮೇಸ್ತ್ರಿ.

ನಾನು ಈಗ ಬಾನೆಟ್ ಮುಚ್ಚಿ ನೋಡೋಣ ಅಂದೆ. ಅವರು ಕೈ ಹಿಡಿದರು. ಮೊದಲು ಲಾಕನ್ನೇ ಬಿಚ್ಚಿ ತೆಗೆದಿಟ್ಟರು. ಲಾಕ್ ಇದ್ದರೆ ಅದು ಬಾನೆಟ್ಟನ್ನು ಒಂದು ಕಡೆ ಎಳೆದು ಹಿಡಿಯುತ್ತೆ, ನಿಜವಾದ ಕೂರುವಿಕೆ ಗೊತ್ತಾಗುವುದಿಲ್ಲವಂತೆ. ಲಾಕ್ ಇಲ್ಲದೆ ಬಾನೆಟ್ ಇಳಿಸಿದರು. ಈಗ ಅದು ಬಲಕ್ಕೆ ಹೋಗಿತ್ತು! ಕಾರಣ, ಹಿಂದೆ ಒಬ್ಬ ಹಿಂಜಿನ ತೂತು ಉಜ್ಜಿ ಬಲಕ್ಕೆ ಎಳೆದಿದ್ದನಲ್ಲ, ಅದು. ಒಂದು ತಪ್ಪು ಮುಚ್ಚಲು ಮಾಡಿದ ಇನ್ನೊಂದು ತಪ್ಪು, ಮೊದಲನೆಯದು ಸರಿಯಾದ ಮೇಲೆ ಹೊರಗೆ ಬಂತು.

ಹಿಂಜಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಈ ಗೆರೆ ಇಲ್ಲದೆ ಬೋಲ್ಟು ಮುಟ್ಟಬಾರದು. ಎಷ್ಟು ಜರುಗಿಸಿದೆವು ಅಂತ ಗೊತ್ತಾಗುವುದು ಅದರಿಂದಲೇ, ಕೆಟ್ಟರೆ ಮೊದಲಿನ ಜಾಗಕ್ಕೆ ತರುವುದೂ ಅದರಿಂದಲೇ. ಬೋಲ್ಟುಗಳನ್ನು ಬಿಚ್ಚುವುದಲ್ಲ, ಬಾನೆಟ್ ಕೈಗೆ ಕಷ್ಟದಲ್ಲಿ ಜರುಗುವಷ್ಟು ಸಡಿಲ ಮಾಡುವುದು. ಎರಡೂ ಕಡೆ ಒಬ್ಬೊಬ್ಬರು ನಿಂತು ಕೂದಲೆಳೆಯಷ್ಟು ಜರುಗಿಸಿ, ಒಂದೊಂದು ಬೋಲ್ಟು ಬಿಗಿದು, ಇಳಿಸಿ ನೋಡಿ, ಮತ್ತೆ ಎತ್ತಿ. ಹೀಗೆ ಆರೇಳು ಸಲ. ಸಂದಿ ಅಳೆಯಲು ಮೇಸ್ತ್ರಿ ಹತ್ತಿರ ಯಾವ ಸಾಧನವೂ ಇಲ್ಲ, ಒಂದು ಹಳೇ ರಟ್ಟಿನ ತುಂಡನ್ನು ಎರಡು ಮಡಿಕೆ ಮಾಡಿ ಎಡ ಬಲ ಎಲ್ಲ ಕಡೆ ತೂರಿಸಿ ನೋಡುತ್ತಿದ್ದರು. ಬಾನೆಟ್ ಮುಂದೆ ಹಿಂದೆ, ಎಡ ಬಲ ಜರುಗುವುದು ಹಿಂಜು ಬಾನೆಟ್‌ಗೆ ಸೇರುವ ಬೋಲ್ಟಿನಲ್ಲಿ. ಹಿಂಭಾಗ ಮೇಲೆ ಕೆಳಗೆ ಆಗುವುದು ಹಿಂಜು ಕ್ಯಾಬಿನ್ನಿಗೆ ಸೇರುವ ಕಡೆ, ಅಥವಾ ಅಲ್ಲಿ ತೆಳು ವಾಷರ್ ಕೊಟ್ಟು. ಮುಂಭಾಗದ ಎತ್ತರ ತೀರ್ಮಾನ ಮಾಡುವುದು ಹಿಂಜು ಅಲ್ಲ, ಎರಡು ಮೂಲೆಯಲ್ಲಿ ಇರುವ ರಬ್ಬರ್ ಗುಂಡಿಗಳು. ಅವನ್ನು ತಿರುಗಿಸಿದರೆ ಏರುತ್ತವೆ, ಇಳಿಯುತ್ತವೆ. ನನ್ನ ಗಾಡಿಯಲ್ಲಿ ಒಂದು ಬಿದ್ದೇ ಹೋಗಿತ್ತು. ಅದು ಇಲ್ಲದ ಕಾರಣ ಬಾನೆಟ್ ಓಡುವಾಗ ಕುಣಿದು ಕುಣಿದು ಲಾಕನ್ನು ಸವೆಸಿತ್ತು. ಐದು ರೂಪಾಯಿ ಸಾಮಾನು ಅಂತ ನಾವು ಕೇಳುವುದೂ ಇಲ್ಲ.

ಕಡೆಗೆ ಲಾಕ್. ಬಾನೆಟ್ ತನ್ನಷ್ಟಕ್ಕೆ ಸರಿಯಾಗಿ ಕೂತ ಮೇಲೆ ಲಾಕನ್ನು ಅದು ಇರುವ ಕಡೆಗೆ ತಂದು ಬಿಗಿಯಬೇಕೇ ಹೊರತು ಬಾನೆಟ್ಟನ್ನು ಲಾಕಿನ ಕಡೆಗೆ ಎಳೆಯಬಾರದು. ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸ್ಪ್ರಿಂಗ್ ಬೇರೆ ಹಾಕಿ, ಗ್ರೀಸ್ ಮೆತ್ತಿದರು. ಇನ್ನೊಂದು ವಿಷಯ. ಲಾಕ್ ಬಿಟ್ಟರೂ ಬಾನೆಟ್ ಹಾರದ ಹಾಗೆ ಹಿಡಿಯುವ ಎರಡನೇ ಕೊಕ್ಕೆ ಒಂದಿರುತ್ತೆ, ಕೈ ಹಾಕಿ ಎತ್ತಬೇಕಾದದ್ದು. ನನ್ನದು ತುಕ್ಕು ಹಿಡಿದು ಮೇಲಕ್ಕೆ ನಿಂತುಬಿಟ್ಟಿತ್ತು. ಅದು ಕೆಲಸ ಮಾಡಿದ್ದರೆ ತೂಗುಸೇತುವೆಯಲ್ಲಿ ಹಗ್ಗದ ಹಂಗೇ ಬೇಕಿರಲಿಲ್ಲ. ಈ ಪತ್ರಿಕೆ ಕೈಯಲ್ಲಿರುವಾಗಲೇ ಎದ್ದು ಹೋಗಿ ನಿಮ್ಮ ಗಾಡಿಯದು ನೋಡಿ. ಒಳಗಿನ ಲಿವರ್ ಎಳೆಯಿರಿ, ಬಾನೆಟ್ ಒಂದು ಬೆರಳು ಎದ್ದು ನಿಲ್ಲಬೇಕು. ಮೇಲಕ್ಕೆ ಜಗ್ಗಿ, ಬರಬಾರದು. ಬಂದರೆ ಸಂತೆಗೆ ಹೋಗಬೇಡಿ.

ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು. ಎರಡು ಬೆರಳಲ್ಲಿ ಒತ್ತಿದರೆ ಟಕ್ ಅಂತ ಬಿತ್ತು. ರಬ್ಬರು, ಗುಂಡಿ, ಸ್ಪ್ರಿಂಗ್, ಕೂಲಿ ಎಲ್ಲ ಸೇರಿ ಸಾವಿರದ ಇನ್ನೂರು ಕೊಟ್ಟೆ. ಬಾನೆಟ್ ಮಾರಲು ಕೂತಿದ್ದ ಅಂಗಡಿಯವನಿಗೆ ವ್ಯಾಪಾರ ತಪ್ಪಿತು, ಅವನು ಮೇಸ್ತ್ರಿಯ ಮೇಲೆ ಗೊಣಗಿದ. ಮೇಸ್ತ್ರಿ ನಕ್ಕು ಅವನಿಗೂ ಒಂದು ಟೀ ತರಿಸಿದರು.

ಇಷ್ಟು ಹೇಳಿ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ದುಡ್ಡು ಹೋಗುತ್ತಿರುವುದು ರಿಪೇರಿಗಲ್ಲ, ಕಾರಣ ಹುಡುಕದೆ ಮಾಡುವ ರಿಪೇರಿಗೆ. ನಾನು ಮೊದಲು ಇಬ್ಬರಿಗೆ ಕೊಟ್ಟದ್ದೇ ಎರಡು ಸಾವಿರ ಮೀರಿತ್ತು. ಆ ಮೆಕ್ಯಾನಿಕ್ಕುಗಳನ್ನು ಬೈಯುವುದರಲ್ಲಿ ಅರ್ಥವಿಲ್ಲ. ನಾನು ಹೋಗಿ ಕೇಳಿದ್ದು "ಬಾನೆಟ್ ಸರಿ ಮಾಡಪ್ಪ" ಅಂತ, ಅವನು ಬಾನೆಟ್ಟೇ ಸರಿ ಮಾಡಿದ. "ಯಾಕೆ ಹೀಗಾಯಿತು" ಅಂತ ಕೇಳಬೇಕಾದವನು ಗಾಡಿಯ ಯಜಮಾನ. ಕೇಳಲು ನನಗೆ ಸಂಕೋಚ. ಏಳನೇ ಕ್ಲಾಸಿನವನಿಗೆ ಯಂತ್ರದ ಮಾತು ಏನು ಗೊತ್ತು ಅಂದುಕೊಳ್ಳುತ್ತಾರೆ ಅಂತ. ಮೇಸ್ತ್ರಿ ಎಷ್ಟು ಓದಿದ್ದಾರೆ ಅಂತ ಮಾತಿಗೆ ಕೇಳಿದೆ. ನನಗಿಂತ ಮೂರು ಕ್ಲಾಸು ಕಮ್ಮಿ.

ಆ ಕಡೆಯಲ್ಲಿ ಅಳತೆಯ ವಿದ್ಯೆ ಇರುವುದಕ್ಕೆ ಕಾರಣವೂ ಇದೆ. ದಂಡು ಪ್ರದೇಶ ಅಂದರೆ ಸೈನ್ಯದ ಊರು, ಹಲಸೂರಿನಲ್ಲಿ ಇವತ್ತಿಗೂ ಸೈನ್ಯದ ದೊಡ್ಡ ವರ್ಕ್‌ಶಾಪು ಇದೆ. 1940ರಲ್ಲಿ ವಿಮಾನ ಕಾರ್ಖಾನೆ ಬಂತು, ತಗಡಿನ ಕೆಲಸ ಅಂದರೆ ಅದು. 1948ರಲ್ಲಿ ಕೆ.ಆರ್. ಪುರದ ಹತ್ತಿರ ಟೆಲಿಫೋನ್ ಕಾರ್ಖಾನೆ ಐ.ಟಿ.ಐ., ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ನಮ್ಮ ಕಡೆಯ ಹುಡುಗರು ಅಲ್ಲಿ ಫಿಟ್ಟರ್‌ಗಳಾದರು. ನನ್ನ ಚಿಕ್ಕಪ್ಪನ ಮಗ ಐ.ಟಿ.ಐ.ನಲ್ಲಿದ್ದ, ಊರಿಗೆ ಬಂದರೆ ಬಾವಿಯ ಪಂಪಿನ ಶಾಫ್ಟಿಗೆ ದಾರ ಹಿಡಿಯದೆ ಬೋಲ್ಟು ಮುಟ್ಟುತ್ತಿರಲಿಲ್ಲ. ನಾವು ನಗುತ್ತಿದ್ದೆವು. ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು. ಅಂಥ ಕೈಗಳೂ ಒಂದೊಂದಾಗಿ ಹೋಗುತ್ತಿವೆ. ಮೇಸ್ತ್ರಿಯ ಇಬ್ಬರು ಮಕ್ಕಳೂ ಈ ಕೆಲಸಕ್ಕೆ ಬಂದಿಲ್ಲವಂತೆ.

ಗುಜರಿಯನ್ನು ಗಲೀಜು ಅಂತ ನೋಡುವವರು ಪಟ್ಟಣದಲ್ಲಿ ಬಹಳ. ರಸ್ತೆ ಬದಿ ಹಳೇ ಗಾಡಿ ನಿಲ್ಲಿಸಿ ದಾರಿ ಕಟ್ಟುವುದು ತಪ್ಪೇ, ಅದನ್ನು ತೆಗೆಸಲಿ. ಆದರೆ ಗುಜರಿಯನ್ನೇ ಊರಾಚೆಗೆ ಅಟ್ಟಿದರೆ ನಷ್ಟ ಯಾರಿಗೆ? ಇಂದಿರಾನಗರದಲ್ಲಿ ಹೊಸ ಕಾರು ಇರುವವರಿಗಲ್ಲ. ಹಳೇ ಪಿಕಪ್, ಹಳೇ ಟ್ರ್ಯಾಕ್ಟರ್, ಹಳೇ ಆಟೋ ಇಟ್ಟುಕೊಂಡು ಜೀವನ ಮಾಡುವ ನಮ್ಮಂಥವರಿಗೆ. ಒಂದು ಲಾಕಿನ ಸ್ಪ್ರಿಂಗ್ ಬೇಕಾದರೆ ಇಡೀ ಲಾಕ್ ಕೊಳ್ಳಿ, ಲಾಕ್ ಸಿಗದಿದ್ದರೆ ಗಾಡಿಯೇ ಬದಲಿಸಿ ಅನ್ನುವ ಕಾಲ ಬರುತ್ತೆ. ಅವರಿಗೆ ಮಳೆ ಬೀಳದ ಒಂದು ಜಾಗ, ಎಣ್ಣೆ ಚರಂಡಿಗೆ ಹೋಗದ ಏರ್ಪಾಡು, ಇಷ್ಟು ಮಾಡಿಕೊಟ್ಟರೆ ಸಾಕು ಅನ್ನಿಸುತ್ತದೆ.

"ಈ ಡಬ್ಬವನ್ನು ಗುಜರಿಗೆ ಹಾಕಿ ಹೊಸದು ತಗೊಳ್ಳಿ, ಸರ್ಕಾರವೇ ಹೇಳಿದೆ" ಅನ್ನುವ ಮಾತು ನಮ್ಮೂರ ಕಟ್ಟೆಯ ಮೇಲೆ ಈಗ ಜಾಸ್ತಿ. ಸರ್ಕಾರ ಹೇಳಿರುವುದು ಏನು ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಕೇಂದ್ರದ ಹಳೇ ಗಾಡಿ ಗುಜರಿ ನೀತಿ 2021ರ ಆಗಸ್ಟ್‌ನಲ್ಲಿ ಬಂತು. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರಕು ಗಾಡಿಗಳ ಎಫ್.ಸಿ. ಶುಲ್ಕವನ್ನು ಬಹಳ ಏರಿಸಿದರು. ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಂದು ಎಫ್.ಸಿ., ಆಮೇಲೆ ವರ್ಷ ವರ್ಷವೂ. ನಮ್ಮಂಥವರ ಗಾಡಿಗೆ ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಮುರಿಯಿರಿ ಅಂತ ಆ ನೀತಿ ಹೇಳುವುದಿಲ್ಲ, ಪರೀಕ್ಷೆಯಲ್ಲಿ ನಿಲ್ಲಬೇಕು ಅನ್ನುತ್ತದೆ. ದಿಲ್ಲಿಯಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ತಡೆ ಹಾಕಿದ್ದು ಬೇರೆ ಮಾತು. ಆ ಸುದ್ದಿ ಕೇಳಿ ಹೆದರಿ ನಮ್ಮ ಪಕ್ಕದೂರಿನ ಒಬ್ಬರು ಚೆನ್ನಾಗಿದ್ದ ಗಾಡಿಯನ್ನು ಅರ್ಧ ಬೆಲೆಗೆ ಕೊಟ್ಟು, ಸಾಲ ಮಾಡಿ ಹೊಸದು ತಂದರು. ಈಗ ತಿಂಗಳ ಕಂತು ಕಟ್ಟಲು ಊರವರ ಬಾಡಿಗೆ ಹೊಡೆಯುತ್ತಾರೆ, ಹೊಲ ಬೀಳು ಬಿದ್ದಿದೆ. ಮಳೆ ನಂಬಿದವನಿಗೆ ತಿಂಗಳ ಕಂತು ಒಗ್ಗುವುದಿಲ್ಲ. ಮಳೆ ತಿಂಗಳಿಗೊಂದು ಸಲ ಲೆಕ್ಕ ಕೊಡುವುದಿಲ್ಲವಲ್ಲ.

ಹಾಗಂತ ಎಲ್ಲ ಹಳೇ ಗಾಡಿಯನ್ನೂ ಉಳಿಸಿಕೊಳ್ಳಿ ಅನ್ನುವವನು ನಾನಲ್ಲ. ದಾರ ಹಿಡಿದಾಗ ನಾಲ್ಕು ಬೆರಳು ವ್ಯತ್ಯಾಸ ಬಂದರೆ ಅದು ರಬ್ಬರಿನ ಕೆಲಸವಲ್ಲ, ಚಾಸಿಯೇ ಬಾಗಿರಬಹುದು. ಹಿಂಜು ಕೂರುವ ತಗಡು ತುಕ್ಕಿಗೆ ಜರಡಿಯಾಗಿದ್ದರೆ ಅಲ್ಲಿ ಯಾವ ಬೋಲ್ಟೂ ನಿಲ್ಲದು. ಅಂಥದ್ದಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಓಡಿಸುವುದು ಪಾಪದ ಕೆಲಸ, ಅದು ಗುಜರಿಗೇ ಹೋಗಲಿ. ಕೆಲವರು ಬಾನೆಟ್ ಕುಣಿಯುತ್ತೆ ಅಂತ ಒಳಗೆ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಮಾಡಿಸುತ್ತಾರೆ. ಅದೂ ಬೇಡ. ಡಿಕ್ಕಿ ಆದಾಗ ಬಾನೆಟ್ ನಡುವೆ ಮಡಚಿಕೊಳ್ಳುವ ಹಾಗೆ ಮಾಡಿರುತ್ತಾರೆ, ಪಟ್ಟಿ ಕೊಟ್ಟರೆ ಮಡಚದೆ ನೇರ ಗಾಜಿಗೆ ಬರಬಹುದು. ಹಳೇ ಜೀಪಿನವರಿಗೆ ಈ ತಾಪತ್ರಯ ಕಮ್ಮಿ, ಅವುಗಳಿಗೆ ಎರಡು ಪಕ್ಕದಲ್ಲೂ ಹೊರಗೇ ಕೊಕ್ಕೆ, ಹಾಕಿದ್ದೀಯೋ ಇಲ್ಲವೋ ಕಣ್ಣಿಗೆ ಕಾಣುತ್ತೆ.

ಇನ್ನು ನಮ್ಮದೇ ಕೆಲವು ಚಾಳಿ. ಹುಣಸೆ ಬಡಿಯುವಾಗ ಬಾನೆಟ್ ಮೇಲೆ ಹತ್ತಿ ನಿಲ್ಲುವುದು, ಮೂಟೆಯನ್ನು ಅದರ ಮೇಲೆ ಇಟ್ಟು ಹೆಗಲಿಗೆ ಹಾಕಿಕೊಳ್ಳುವುದು, ಹುಡುಗರನ್ನು ಅದರ ಮೇಲೆ ಕೂರಿಸುವುದು. ತಗಡು ತೊಟ್ಟಿಯಾಗುತ್ತೆ, ಹಿಂಜು ಜೋಲುತ್ತೆ. ಮುಚ್ಚುವಾಗ ಆಳೆತ್ತರದಿಂದ ಬಿಡುವುದು ಇನ್ನೊಂದು. ಒಂದು ಗೇಣು ಎತ್ತರಕ್ಕೆ ಇಳಿಸಿ ಬಿಟ್ಟರೆ ಸಾಕು, ಅಷ್ಟಕ್ಕೂ ಬೀಳದಿದ್ದರೆ ಲಾಕ್ ನೋಡಿ, ಬಡಿಯಬೇಡಿ.

ನಮ್ಮ ಪತ್ರಿಕೆಗೂ ಒಂದು ಕೋರಿಕೆ. ಬೆಳೆ, ಗೊಬ್ಬರ, ರೋಗ, ಧಾರಣೆ ಬಗ್ಗೆ ನಾವೇ ಬರೆದು ನಾವೇ ಓದುತ್ತೇವೆ. ಬೆಳೆದದ್ದನ್ನು ಹೊತ್ತು ಮಾರುಕಟ್ಟೆಗೆ ತರುವ ಗಾಡಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಒಂದು ಹುಳ ಬಿದ್ದರೆ ನೂರು ಜನ ಅನುಭವ ಬರೆಯುತ್ತಾರೆ. ಎಷ್ಟು ಜನ ಹಗ್ಗ ಕಟ್ಟಿ ಓಡಿಸುತ್ತಿದ್ದೀರಿ, ಯಾರು ಎಲ್ಲಿ ಹೇಗೆ ಸರಿ ಮಾಡಿಕೊಂಡಿರಿ, ಕ್ಲಚ್ಚು, ಬ್ರೇಕು, ಸ್ಟೀರಿಂಗು, ಅದನ್ನೂ ಬರೆಯಿರಿ. ತಪ್ಪಿದ್ದನ್ನೂ ಬರೆಯಿರಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಗಾಡಿ ಕೆಲಸ ಬಲ್ಲವರು ತಿದ್ದಲಿ.

ನನ್ನ ಗಾಡಿಯ ಬಲಗಡೆ ಮುಂದಿನ ರಬ್ಬರನ್ನು ಇನ್ನೂ ಬದಲಿಸಿಲ್ಲ. ಅದೂ ಬಿರುಕು ಬಿಟ್ಟಿದೆ, ಇನ್ನೊಂದು ವರ್ಷ ತಡೆಯಬಹುದು ಅಂದಿದ್ದಾರೆ ಮೇಸ್ತ್ರಿ. ಎಣ್ಣೆ ಸೋರುವುದನ್ನು ಮಾತ್ರ ಮರುವಾರವೇ ನಿಲ್ಲಿಸಿದೆ. ದಾರ ಗಾಡಿಯ ಡ್ಯಾಶ್‌ಬೋರ್ಡಿನಲ್ಲೇ ಇದೆ, ಮೇಸ್ತ್ರಿ ಹಾಕಿದ ಗಂಟು ಹಾಗೇ. ತಿಂಗಳಿಗೊಮ್ಮೆ ಹಿಡಿದು ನೋಡುತ್ತೇನೆ. ಹೆಂಡತಿ ಮತ್ತೆ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಆದರೆ ತೂಗುಸೇತುವೆ ಹತ್ತಿರ ಬಂದಾಗ ಇನ್ನೂ ಬಾನೆಟ್ಟನ್ನೇ ನೋಡುತ್ತಿರುತ್ತಾಳೆ.